ಮಗಳ ಪಕ್ಕದ ಜಾಗ

ನನ್ನ ಹೆಸರು ಮಗ್ದಲಮ್ಮ. ಮತ್ತಿಕೆರೆ ಕಡೆಯ ನಮ್ಮ ಚರ್ಚಿನಲ್ಲಿ ಯಾರನ್ನು ಕೇಳಿದರೂ ಗುರುತು ಹೇಳುತ್ತಿದ್ದರು: ಪೂಜೆಯಲ್ಲಿ ಫಾದರ್ ಸತ್ಪ್ರಸಾದದ ರೊಟ್ಟಿಯನ್ನು ನಾಲಿಗೆಯ ಮೇಲಿಡುವ ಹೊತ್ತಿಗೆ ಎಲ್ಲರೂ ಎದ್ದು ಹೋದ ಮೇಲೂ ಹೆಂಗಸರ ಕಡೆಯ ಚಾಪೆಯ ಮೇಲೆ ಒಬ್ಬಳೇ ಕೂತಿರುತ್ತಾಳಲ್ಲ, ಅವಳೇ. ನಾನೇನು ಹಿಂದೆ ಕಂಬದ ಮರೆಯಲ್ಲಿ ಕೂರುತ್ತಿರಲಿಲ್ಲ. ಎರಡನೇ ಸಾಲಿನಲ್ಲೇ ಕೂರುತ್ತಿದ್ದೆ. ನೋಡುವವರು ಕಣ್ತುಂಬ ನೋಡಲಿ, ಪಾಪ, ಕತ್ತು ಉಳುಕಿಸಿಕೊಳ್ಳುವುದು ಬೇಡ ಎಂದು.

ಕಾರಣ ಮುಚ್ಚಿಡುವಂಥದ್ದಲ್ಲ. ಸ್ಟೆಲ್ಲಾ ಹುಟ್ಟಿದ ಮೇಲೆ ಎರಡು ಗಂಡುಮಕ್ಕಳನ್ನು ಹೆತ್ತೆ, ಎರಡನ್ನೂ ಮಣ್ಣಿಗಿಟ್ಟೆ. ಎರಡನೆಯದರ ಹೆರಿಗೆಯಲ್ಲಿ ಹರಿದ ರಕ್ತ ನಿಲ್ಲಲೇ ಇಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, "ಇನ್ನೊಂದು ಅಂದ್ರೆ ನೀನು ಉಳಿಯಲ್ಲ, ಆಪರೇಷನ್ ಮಾಡಿಸ್ಕೋ" ಎಂದರು. ನನ್ನ ಗಂಡ ಇನ್ನಾಸಪ್ಪ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವವನು. ಕ್ವಿಂಟಾಲ್ ಮೂಟೆಗೆ ಹೆದರದವನು ಇದಕ್ಕೆ ಹೆದರಿದ. "ಚರ್ಚ್ ಸ್ವಾಮಿಗಳ್ನ ಒಂದ್ಮಾತು ಕೇಳ್ಬಿಡಾಣ ಕಣೇ" ಎಂದ.

"ರಕ್ತ ಹೋಗಿದ್ದು ನಂದು, ಸ್ವಾಮಿಗಳ್ದಲ್ಲ" ಎಂದೆ. ಪಕ್ಕದ ಮನೆಯ ಅಕ್ಬರಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆ.

ಅದು ಎಪ್ಪತ್ತೇಳನೇ ಇಸವಿ. ಎಮರ್ಜೆನ್ಸಿಯಲ್ಲಿ ಜನರನ್ನು ಹಿಡಿದು ಹಿಡಿದು ಆಪರೇಷನ್ ಮಾಡಿಸುತ್ತಿದ್ದರು ಎಂಬ ಮಾತು ಇನ್ನೂ ಆರಿರಲಿಲ್ಲ. ನಮ್ಮ ಚರ್ಚಿನ ಉಪದೇಶಿ ಚೌರಪ್ಪ, ಮಕ್ಕಳಿಗೆ ಜಪ ಕಲಿಸುವವನು, ಮನೆಗೇ ಬಂದು ಉಪಾಯ ಹೇಳಿಕೊಟ್ಟ. "ಬಲವಂತವಾಗಿ ಎಳ್ಕೊಂಡೋದ್ರು ಅಂದ್ಬಿಡಕ್ಕ. ತಪ್ಪು ಸರ್ಕಾರದ್ದಾಗುತ್ತೆ, ನಿಂಗೆ ಕ್ಷಮೆ ಸಿಗುತ್ತೆ."

"ಯಾರೂ ಎಳ್ಕೊಂಡು ಹೋಗ್ಲಿಲ್ಲ ಚೌರಪ್ಪ. ನನ್ನ ಕಾಲಲ್ಲೇ ನಡ್ಕೊಂಡು ಹೋದೆ. ದೇವ್ರ ಮುಂದೆ ಸುಳ್ಳು ಹೇಳೋದನ್ನ ಉಪದೇಶಿ ಕಲಿಸ್ತಾರಾ?" ಎಂದೆ. ಅವನು ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಮುಂದಿನ ಭಾನುವಾರ ಫಾದರ್ ರಾಯಪ್ಪ ಪ್ರಸಂಗದಲ್ಲಿ ಗುಡುಗಿದರು. ದೇವರು ಕೊಡುವ ಜೀವಕ್ಕೆ ಬಾಗಿಲು ಹಾಕಿದ ಹೆಂಗಸೊಬ್ಬಳು ನಮ್ಮ ನಡುವೆಯೇ ಕೂತಿದ್ದಾಳೆ ಎಂದರು. ಹೆಸರು ಹೇಳಲಿಲ್ಲ, ಆದರೆ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿ, "ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡು. ಅಲ್ಲೀವರೆಗೆ ನಿನಗೆ ಸತ್ಪ್ರಸಾದ ಇಲ್ಲ" ಎಂದರು. ನಾನು ಆಗಲಿ ಎಂದೆ. ಎರಡು ಕೂಸುಗಳನ್ನು ಹೂಳಲು ಜಾಗ ತೋರಿಸಿಕೊಟ್ಟಿದ್ದು ಇದೇ ಸ್ವಾಮಿ. ಆ ಬಾಯಲ್ಲಿ ಈ ಮಾತು ಬಂತಲ್ಲ ಎಂದು ಹೊಟ್ಟೆ ಉರಿದುಹೋಯಿತು. ಉರಿ ವರ್ಷಗಳಾದರೂ ಆರಲಿಲ್ಲ.

ಎಂಬತ್ತೊಂದರಲ್ಲಿ ಸ್ಟೆಲ್ಲಾಳ ಮೊದಲ ಸತ್ಪ್ರಸಾದ ಬಂತು. ನಮ್ಮಲ್ಲಿ ಆ ದಿನ ಮಗು ಒಂದೇ ಮಂಡಿಯೂರುವುದಿಲ್ಲ. ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ತಂದೆ ಮಂಡಿಯೂರಿ ಮೂವರೂ ಒಟ್ಟಿಗೆ ಪ್ರಸಾದ ತೆಗೆದುಕೊಳ್ಳಬೇಕು. ಅಕ್ಬರಿ ತನ್ನ ಹೊಲಿಗೆ ಮಿಷನ್ನಿನಲ್ಲಿ ಬಿಳಿ ಫ್ರಾಕು ಹೊಲಿಯುತ್ತಿದ್ದಳು, ಸ್ಟೆಲ್ಲಾ ಅಳತೆಗೆ ನಿಂತಿದ್ದಳು. ನಿಂತವಳು ಮೆಲ್ಲಗೆ ಹೇಳಿದಳು:

"ಅಮ್ಮಾ, ಉಪದೇಶಿ ಮಾಮ ಹೇಳಿದ್ರು, ನೀನು ಬರಂಗಿಲ್ವಂತೆ. ನನ್ನ ಪಕ್ಕ ಕಾನ್ವೆಂಟಿನ ಸಿಸ್ಟರ್ ಒಬ್ರು ಮಂಡಿಯೂರ್ತಾರಂತೆ."

ಅಕ್ಬರಿ ಹಲ್ಲಿನಲ್ಲಿ ದಾರ ಕಡಿದು, "ಅಲ್ರೀ ಮಗ್ದಲಮ್ಮ, ಹೆತ್ತ ಅಮ್ಮ ಇರುವಾಗ ಬೇರೇವ್ರು ಯಾಕೆ? ಹೋಗಿ ಒಂದು ಸಾರಿ ತಪ್ಪಾಯ್ತು ಅಂದ್ಬಿಡ್ರೀ. ನಾಲಿಗೆಗೇನು ಮೂಳೆ ಐತಾ?" ಎಂದಳು.

"ತಪ್ಪಾಗಿಲ್ವಲ್ಲೇ ಅಕ್ಬರಿ. ಅವತ್ತು ನಾನು ಹೋಗ್ದೆ ಇದ್ದಿದ್ರೆ ಇವತ್ತು ಇವಳಿಗೆ ಅಮ್ಮಾನೇ ಇರ್ತಿರಲಿಲ್ಲ" ಎಂದೆ. ಸುಳ್ಳು ಹೇಳಿ ಮಗಳ ಪಕ್ಕ ಮಂಡಿಯೂರಲೋ, ನಿಜ ಹೇಳಿ ಇನ್ನೊಬ್ಬಳು ಮಂಡಿಯೂರುವುದನ್ನು ನೋಡುತ್ತ ಕೂರಲೋ? ವಾರವಿಡೀ ಒಲೆಯ ಮುಂದೆ ಅದೇ ಯೋಚನೆ. ಎರಡು ಸಲ ಅನ್ನ ಸೀಯಿಸಿದೆ.

ಹಿಂದಿನ ದಿನ ಶನಿವಾರ ಮಧ್ಯಾಹ್ನ ಸ್ಟೆಲ್ಲಾ ನನ್ನ ಮುಂದೆ ಬಂದು ನಿಂತಳು. ಮೊದಲ ಸತ್ಪ್ರಸಾದ ತೆಗೆದುಕೊಳ್ಳುವ ಮಕ್ಕಳು ಅಪ್ಪ ಅಮ್ಮನ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕು, ಅದು ಹಿಂದಿನಿಂದ ಬಂದ ಪದ್ಧತಿ. ಅವಳು ಬಗ್ಗಿ ನನ್ನ ಪಾದ ಮುಟ್ಟಿ, "ಅಮ್ಮಾ, ನನ್ನಿಂದ ಏನಾದ್ರೂ..." ಎನ್ನುವಷ್ಟರಲ್ಲಿ ನಾನು ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದೆ. "ಇರಮ್ಮ, ನಾನಿನ್ನೂ ಪೂರ್ತಿ ಹೇಳಿಲ್ಲ" ಎಂದು ಅವಳು ನನ್ನ ಸೆರಗಿನೊಳಗಿಂದಲೇ ಗೊಣಗಿದಳು.

ನಾನು ನಕ್ಕೆ. ಆಮೇಲೆ ಅತ್ತೆ. ಆಮೇಲೆ ಮುಖ ತೊಳೆದು, ತಲೆ ಬಾಚಿಕೊಂಡು ನೇರವಾಗಿ ಚರ್ಚಿಗೆ ಹೊರಟೆ.

ಸಂಜೆ ಪಾಪನಿವೇದನೆಯ ಸಾಲು ಉದ್ದವಿತ್ತು. ನನ್ನನ್ನು ಕಂಡದ್ದೇ ಸಾಲಿನಲ್ಲಿ ಗುಸುಗುಸು ಎದ್ದಿತು. ಸರದಿ ಬಂದಾಗ ಮಂಡಿಯೂರಿದೆ. ಜಾಲರಿಯ ಆಚೆ ಫಾದರ್ ರಾಯಪ್ಪನವರ ಕೆಮ್ಮು ಕೇಳಿತು.

"ಸ್ವಾಮಿ, ನನ್ನನ್ನ ಆಶೀರ್ವದಿಸಿ, ನಾನು ಪಾಪಿ. ಆಪರೇಷನ್ ವಿಷ್ಯ ಹೇಳೋಕೆ ಬಂದಿಲ್ಲ. ಅದಕ್ಕೆ ನಂಗೆ ಪಶ್ಚಾತ್ತಾಪ ಇಲ್ಲ, ಇದೆ ಅಂತ ಸುಳ್ಳೂ ಹೇಳಲ್ಲ. ನನ್ನ ಪಾಪ ಬೇರೆ. ಇಷ್ಟು ವರ್ಷ ನಿಮ್ಮನ್ನ ದ್ವೇಷ ಮಾಡಿದೀನಿ. ನಿಮಗೆ ಜ್ವರ ಅಂತ ಕೇಳಿದಾಗ ಖುಷಿಪಟ್ಟೆ. ಪರಲೋಕ ಮಂತ್ರ ಹೇಳ್ವಾಗ, ನಾವು ಇತರರನ್ನ ಕ್ಷಮಿಸುವ ಹಾಗೆ ನಮ್ಮನ್ನೂ ಕ್ಷಮಿಸು ಅನ್ನೋ ಮಾತು ಬಂದ್ರೆ ಬಾಯಿ ಮುಚ್ಕೊಂಬಿಡ್ತಿದ್ದೆ. ಆ ದ್ವೇಷ ನಿಮ್ಮನ್ನೇನೂ ಮಾಡ್ಲಿಲ್ಲ, ನನ್ನನ್ನೇ ತಿಂತು. ಅದಕ್ಕೆ ಪಶ್ಚಾತ್ತಾಪ ಇದೆ. ನಿಜವಾಗ್ಲೂ ಇದೆ."

ಆಚೆ ಕುರ್ಚಿ ಕಿರುಗುಟ್ಟಿತು. "ಮಗಳೇ, ಒಂದಕ್ಕೆ ಪಶ್ಚಾತ್ತಾಪ, ಒಂದಕ್ಕೆ ಇಲ್ಲ ಅಂದ್ರೆ ನಾನು ಹೇಗೆ ಕ್ಷಮೆ ಕೊಡ್ಲಿ?"

"ಇವತ್ತು ನನ್ನ ಮಗಳು ಕಾಲಿಗೆ ಬಿದ್ಲು ಸ್ವಾಮಿ. ತಪ್ಪೇನು ಅಂತ ಅವಳು ಹೇಳೋಕೆ ಮುಂಚೆನೇ ಎತ್ಕೊಂಡೆ. ನಾನು ಓದಿದವಳಲ್ಲ, ಮೂಗಿನ ತುದೀಲಿ ಕೋಪ ಇರೋಳು. ನನ್ನ ಕೈಲೇ ಅಷ್ಟಾಗುತ್ತೆ. ನಿಮ್ಮ ದೇವ್ರಿಗೆ ಅಷ್ಟೂ ಆಗಲ್ವಾ? ಹಂಗಾದ್ರೆ ದೇವ್ರಿಗಿಂತ ನಾನೇ ಒಳ್ಳೆ ತಾಯಿ ಆಗ್ಬಿಟ್ನಲ್ಲ!"

ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡೆ. ಹೊರಗೆ ಸಾಲಿನಲ್ಲಿದ್ದವರು ಗಂಟಲು ಸರಿಮಾಡಿಕೊಳ್ಳತೊಡಗಿದರು.

"ನಿನ್ನ ಮನಸ್ಸಾಕ್ಷಿ ಪಾಪ ಅಂತ ಹೇಳದೇ ಇರೋದನ್ನ ದೇವರೇ ನೋಡ್ಕೊಳ್ಳಲಿ" ಎಂದರು ಫಾದರ್ ಕೊನೆಗೆ. "ನೀನು ಹೇಳಿದ ಪಾಪಕ್ಕೆ ಕ್ಷಮೆ ಕೊಡ್ತೀನಿ. ಪ್ರಾಯಶ್ಚಿತ್ತಕ್ಕೆ ಆ ಮಂತ್ರ ಒಂದು ಸಲ ಪೂರ್ತಿ ಹೇಳು." ನಾನು ಹೇಳಿದೆ. ಆ ಮಾತಿನ ಹತ್ತಿರ ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ, ದಾಟಿದೆ. ಎಷ್ಟೋ ಕಾಲ ಹೊತ್ತ ನೀರಿನ ಕೊಡವನ್ನು ಇಳಿಸಿದ ಹಾಗೆ ಹೆಗಲು ಹಗುರಾಯಿತು. ಪಾಪವಿಮೋಚನೆಯ ಪ್ರಾರ್ಥನೆ ಮುಗಿಸಿ ಅವರು ದನಿ ತಗ್ಗಿಸಿ, "ಮಗ್ದಲಮ್ಮ, ಅವತ್ತು ಪ್ರಸಂಗದಲ್ಲಿ ನಾನು ಹಾಗೆ ಅನ್ನಬಾರದಿತ್ತು" ಎಂದರು.

"ನಾನು ಕ್ಷಮಿಸಿದೀನಿ ಸ್ವಾಮಿ. ಆದ್ರೆ ಅವತ್ತು ಅಂದಿದ್ದು ಎಲ್ಲರ ಕಿವಿಗೆ ಬಿದ್ದಿತ್ತು, ಈಗ ಅಂತಿರೋದು ನಂಗೊಬ್ಬಳಿಗೆ" ಎಂದು ಹೇಳಿ ಎದ್ದು ಬಂದೆ.

ಭಾನುವಾರ ಬಲಿಪೀಠದ ಕಟಕಟೆಯ ಮುಂದೆ ಮಂಡಿಯೂರಿದೆವು. ನಾನು, ನಡುವೆ ಸ್ಟೆಲ್ಲಾ, ಆ ಕಡೆ ಇನ್ನಾಸಪ್ಪ. ಗೊತ್ತುಮಾಡಿದ್ದ ಸಿಸ್ಟರ್ ಬಂದರು, ನನ್ನನ್ನು ನೋಡಿದರು, ಹಿಂದೆ ಸರಿದರು. ಬೆನ್ನ ಹಿಂದೆ ಇಡೀ ಚರ್ಚು ನನ್ನನ್ನೇ ನೋಡುತ್ತಿರುವುದು ಗೊತ್ತಾಗುತ್ತಿತ್ತು. ಫಾದರ್ ಪ್ರಸಾದದ ಪಾತ್ರೆ ಹಿಡಿದು ಬಂದರು. ಪಕ್ಕದಲ್ಲಿ ಚೌರಪ್ಪ, ಪ್ರಸಾದ ಕೆಳಗೆ ಬೀಳದಂತೆ ಗದ್ದದ ಕೆಳಗೆ ಹಿಡಿಯುವ ತಟ್ಟೆಯೊಂದಿಗೆ. ಅವನು ನನ್ನನ್ನು ದಾಟಿ ಸ್ಟೆಲ್ಲಾಳ ಗದ್ದಕ್ಕೆ ತಟ್ಟೆ ಹಿಡಿದ. ಬೇಕೆಂದು ಮಾಡಿದ್ದಲ್ಲ, ನನಗೆ ಇಲ್ಲ ಎಂಬುದು ಅವನ ಕೈಗೇ ರೂಢಿಯಾಗಿತ್ತು. ಸ್ಟೆಲ್ಲಾ ಹೆದರಿ ನನ್ನ ಕಡೆ ತಿರುಗಿದಳು.

ಫಾದರ್ ಕದಲಲಿಲ್ಲ. ನನ್ನ ಮುಂದೆಯೇ ನಿಂತರು.

"ಚೌರಪ್ಪ, ತಟ್ಟೆ ಇಲ್ಲಿಗೆ ತಾ. ಮಗ್ದಲಮ್ಮನಿಗೆ ಮೊದಲು." ಪ್ರಸಂಗದಲ್ಲಿ ಗುಡುಗಿದ ಅದೇ ದನಿ. ಕೊನೆಯ ಸಾಲಿಗೂ ಕೇಳಿಸಿತು.

ತಟ್ಟೆ ನನ್ನ ಗದ್ದದ ಕೆಳಗೆ ಬಂತು. ತಲೆ ತಗ್ಗಿಸು, ತಲೆ ತಗ್ಗಿಸು ಎಂದು ಇವರೆಲ್ಲ ನನಗೆ ಅದೆಷ್ಟು ಸಲ ಹೇಳಿದ್ದರು. ತಗ್ಗಿಸಿದ ತಲೆಗೆ ಯಾವ ಸ್ವಾಮಿಯೂ ಪ್ರಸಾದ ಕೊಡಲಾರರು. ನಾನು ಮುಖ ಮೇಲೆತ್ತಿ ಬಾಯಿ ತೆರೆದೆ.