ಬೈಗುಳ ಸೋಸುವವರು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಮಾರುಕಟ್ಟೆಯಲ್ಲಿ ಪೈ, ಅಂದರೆ ಹಂದಿಮಾಂಸ ತುಂಬಿ ಬೇಯಿಸಿದ ಹಿಟ್ಟಿನ ಕಡುಬು, ಮಾರುವ ಅಕ್ಕತಂಗಿಯರು ಈನಿಡ್ ಮತ್ತು ಮ್ಯೂರಿಯಲ್. ಇಬ್ಬರಿಗೂ ಅರವತ್ತು ದಾಟಿದ ಮೇಲೆ ಜಗಳ ಹತ್ತಿಕೊಂಡಿತು, ಅದೂ ಬೆಣ್ಣೆಯ ವಿಷಯಕ್ಕೆ. ಪೈ ಹಿಟ್ಟಿಗೆ ಅಪ್ಪನ ಕಾಲದಿಂದಲೂ ಹಂದಿಕೊಬ್ಬೇ ಬೀಳುತ್ತಿತ್ತು. ತಂಗಿ ಮ್ಯೂರಿಯಲ್ ಆಸ್ಪತ್ರೆ ಸೇರಿದ್ದಾಗ ಈನಿಡ್ ಹೇಳದೆ ಕೇಳದೆ ಬೆಣ್ಣೆ ಹಾಕಿದಳು. ಗಿರಾಕಿಗಳು ಬಾಯಿ ಚಪ್ಪರಿಸಿದ್ದು ಇನ್ನೂ ದೊಡ್ಡ ತಪ್ಪಾಯಿತು. ಮ್ಯೂರಿಯಲ್ ಮಾತು ಬಿಟ್ಟಳು, ಆಮೇಲೆ ಅಂಗಡಿಯಲ್ಲಿ ತನ್ನ ಪಾಲು ಬೇಕೆಂದು ವಕೀಲರಿಂದ ಹೇಳಿಸಿದಳು.

ಕೋರ್ಟಿಗೆ ಹೋದರೆ ಅಂಗಡಿಯೇ ಉಳಿಯುವುದಿಲ್ಲವೆಂದು ಆ ವಕೀಲರೇ ಸಂಧಾನಗಾರ್ತಿ ಮಿಸೆಸ್ ಟಾರಂಟ್ ಅವರತ್ತ ಕೈ ತೋರಿಸಿದರು. ಗಂಟೆಗೆ ಇನ್ನೂರು ಪೌಂಡು, ಎರಡು ಕೋಣೆಗಳ ಬಾಡಿಗೆ ಬೇರೆ. ಈನಿಡ್ ಹಲ್ಲು ಕಟ್ಟಿಸಿಕೊಳ್ಳಲು ಎತ್ತಿಟ್ಟಿದ್ದ ಹಣವನ್ನೇ ತೆಗೆದಳು. ಪಾಲು ಎಷ್ಟಾದರೂ ಹೋಗಲಿ, ತಂಗಿ ಉಳಿದರೆ ಸಾಕಿತ್ತು ಅವಳಿಗೆ.

ಅಕ್ಕ ಒಂದು ಕೋಣೆಯಲ್ಲಿ, ತಂಗಿ ಎದುರಿನದರಲ್ಲಿ. ನಡುವೆ ಟಾರಂಟಮ್ಮನ ಓಡಾಟ. ಒಳ್ಳೆಯ ಹೆಂಗಸೇ, ಪಾಪ. ಆದರೆ ಆಕೆ ಬಿಸ್ಕತ್ತಿನ ತಟ್ಟೆ ಸರಿಸುವಾಗಲೂ ದುಡ್ಡು ಓಡುತ್ತಿರುತ್ತದಲ್ಲ. ಈನಿಡ್ ಅವಸರಕ್ಕೆ ಬಿಸಿ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡಳು.

"ಏನಂದ್ಲು?"

"ನಿಮ್ಮ ತಂಗಿಯವರು ನಿಮ್ಮ ದುಡಿಮೇನ ಗೌರವಿಸ್ತಾರೆ. ನಿಮ್ಮ ನಿರ್ಧಾರದಿಂದ ಅವರಿಗೆ ಬೇಸರ ಆಗಿದೆ ಅಷ್ಟೆ."

ಈನಿಡ್ ಚಹಾದ ಲೋಟ ಕೆಳಗಿಟ್ಟಳು. ಹುಟ್ಟಿದಾಗಿನಿಂದ ಒಂದು ದಿನವೂ ಗೌರವ ಕೊಡದವಳು ಈಗ ಕೊಡುತ್ತಿದ್ದಾಳೆಂದರೆ ತಂಗಿ ಕೈಬಿಟ್ಟು ಹೋದಳೆಂದೇ ಅರ್ಥ. ಅಪರಿಚಿತರಿಗಲ್ಲವೇ ಮನುಷ್ಯರು ಗೌರವ ಕೊಡುವುದು? ಟಾರಂಟಮ್ಮ ತಡೆಯುವಷ್ಟರಲ್ಲಿ ಎದ್ದು ಹೋಗಿ ಎದುರಿನ ಬಾಗಿಲು ತಳ್ಳಿದಳು.

"ನನ್ನನ್ನ ಗೌರವಿಸ್ತೀಯಂತೆ. ನಿಜವೇನೇ?"

"ಯಾವ ಕತ್ತೆ ಹಾಗಂದಿದ್ದು?" ಮ್ಯೂರಿಯಲ್ ಮುಖ ಗಂಟಿಕ್ಕಿದಳು. "ನಾನಿಲ್ದೆ ಅಕ್ಕ ಅಂಗಡಿ ಮುಚ್ಕೊಂಡು ಅಳ್ತಾ ಕೂತಿರ್ತಾಳೆ ಅಂದ್ಕೊಂಡಿದ್ದೆ. ಈ ದರಿದ್ರದವಳು ಬೆಣ್ಣೆ ಹಾಕಿ ಮೆರೀತಿದ್ಲು ಅಂದೆ."

"ಅದನ್ನೇ ನಾನು ಬೈಗುಳ ಸೋಸಿ ಹೇಳಿದ್ದು," ಎಂದರು ಬಾಗಿಲಲ್ಲಿ ನಿಂತ ಟಾರಂಟಮ್ಮ. "ನನ್ನ ಕೆಲಸವೇ ಅದು."

ಈನಿಡ್ ಅವರತ್ತ ತಿರುಗಲೂ ಇಲ್ಲ. "ಅಳ್ತಿದ್ದೆ ಕಣೇ. ಅಳ್ತಾ ಅಳ್ತಾ ಕೊಬ್ಬು ತರೋದೇ ಮರೆತೆ. ಮನೇಲಿದ್ದಿದ್ದು ಬೆಣ್ಣೆ ಒಂದೇ."

ಮ್ಯೂರಿಯಲ್ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ಗಂಟೆ ಮುಗೀತು," ಎಂದರು ಟಾರಂಟಮ್ಮ ಮೆಲ್ಲಗೆ.

"ಇನ್ನೊಂದು ಗಂಟೆ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ," ಎನ್ನುತ್ತ ಮ್ಯೂರಿಯಲ್ ಪಕ್ಕದ ಕುರ್ಚಿಯನ್ನು ಅಕ್ಕನ ಕಡೆ ತಳ್ಳಿದಳು. "ನೀವು ಹೊರಗಿರಿ. ಇವಳಿಗೆ ಬೈಯೋದು ಇನ್ನೂ ಬೇಕಾದಷ್ಟಿದೆ."