ಅಳಿಸದೆ ಇಟ್ಟ ಸ್ಲೇಟು

ಸ್ಲೇಟನ್ನು ಎಲ್ಲಿಡಲಿ ಎನ್ನುವುದೇ ನನ್ನ ಚಿಂತೆ. ಹೇಳಿದರೆ ಯಾರಾದರೂ ನಕ್ಕಾರು. ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿಟ್ಟರೆ ಬಟ್ಟೆಗೆ ಉಜ್ಜಿ ಬಳಪದ ಅಕ್ಷರ ಹೋದೀತು. ಹೊರಗಿಟ್ಟರೆ ಅಪ್ಪ ನೋಡಿಯಾರು. ಅದರ ಮೇಲೆ ಬೊಮ್ಮನ್ ತನ್ನ ಹೆಸರು ಬರೆದದ್ದು ಎಂಟು ತಿಂಗಳ ಹಿಂದೆ, ನಕ್ಸಲರು ಊರಿನ ಜಮೀನುದಾರ ಜನ್ಮಿಯ ಮನೆಗೆ ನುಗ್ಗಿದ ಸಂಜೆ.

ಅಪ್ಪ ವಯನಾಡಿನ ಕಾಟ್ಟಿಕುಳಂ ಹತ್ತಿರದ ನಮ್ಮ ಚಿಕ್ಕ ಕ್ರೈಸ್ತ ಸಭೆಗೆ ಉಪದೇಶಿ. ಅಂದು ಮಾನಂದವಾಡಿಗೆ ಹೋದವರು ಬಸ್ಸು ಸಿಗದೆ ಅಲ್ಲೇ ಉಳಿದಿದ್ದರು. ಜನ್ಮಿಯ ಗದ್ದೆಯ ಕೂಲಿ ಬೊಮ್ಮನ್ ಕತ್ತಲಾಗುವವರೆಗೂ ನಮ್ಮ ಜಗಲಿಯಲ್ಲಿ ಕೂತು ನನ್ನಿಂದ ಅಕ್ಷರ ಕಲಿತ. ಮನೆಯಲ್ಲಿ ನಾನೊಬ್ಬಳೇ.

ಮೂರನೆಯ ದಿನ ಪೊಲೀಸರು ಬಂದರು. "ಆ ಸಂಜೆ ಬೊಮ್ಮನ್‌ನನ್ನು ಕಂಡಿರಾ?" ಎಂದು ಮನೆಮನೆಯಲ್ಲೂ ಕೇಳಿದರು. ಜೀಪಿನ ಸುತ್ತ ಊರೆಲ್ಲ ನಿಂತಿತ್ತು. ಒಂಟಿ ಹುಡುಗಿಯ ಜಗಲಿಯಲ್ಲಿ ಗಂಡಸು ಕೂತಿದ್ದ ಎಂದರೆ ಜನ ಏನಂದಾರು? ಪೊಲೀಸರ ಹತ್ತಿರ ಹೆಚ್ಚು ಮಾತು ಬೇಡವೆಂದು ಅಪ್ಪ ಬೇರೆ ಹೇಳಿದ್ದರು. "ಇಲ್ಲ" ಎಂದೆ. ನಕ್ಸಲರ ಜೊತೆಗಿದ್ದನೆಂದು ಅವನನ್ನು ಹಿಡಿದುಕೊಂಡು ಹೋದರು. ಆ ದಿನ ಡೈರಿಯಲ್ಲಿ, ಅಪ್ಪನಿಗೆ ವಿಧೇಯಳಾದೆ ಎಂದು ಬರೆದುಕೊಂಡೆ. ಈಗ ಆ ಪುಟ ತೆರೆಯಲಾರೆ. ಅದು ವಿಧೇಯತೆಯಲ್ಲ, ಬರೀ ಹೆದರಿಕೆ. ಅದರಲ್ಲಿ ಅಪ್ಪನ ಮೇಲಿನ ಪ್ರೀತಿ ಎಲ್ಲಿತ್ತು?

ಬೊಮ್ಮನ್ ಮೊನ್ನೆ ಜೈಲಿನಿಂದ ಬಂದ. ಎಡಗಾಲು ಮಡಚಲು ಬರುವುದಿಲ್ಲ.

ನಮ್ಮಲ್ಲಿ ಕರ್ತನ ಭೋಜನದ ಹಿಂದಿನ ಶನಿವಾರ, ರೊಟ್ಟಿ ತೆಗೆದುಕೊಳ್ಳುವವರು ಉಪದೇಶಿಗೆ ಹೆಸರು ಕೊಡಬೇಕು. "ಯಾರಿಗಾದರೂ ಅನ್ಯಾಯ ಮಾಡಿ ಸರಿಪಡಿಸದೆ ಬಿಟ್ಟಿದ್ದೀಯಾ?" ಎಂದು ಅಪ್ಪ ಕೇಳುತ್ತಾರೆ. ಹೌದೆಂದರೆ ಮೊದಲು ಅವರ ಬಳಿಗೆ ಹೋಗಿ ಬರಬೇಕು. ಇಷ್ಟು ತಿಂಗಳೂ ನಾನು ತಲೆ ತಗ್ಗಿಸಿ "ಇಲ್ಲ" ಎಂದಿದ್ದೇನೆ. ಪೊಲೀಸರಿಗೆ ಕೊಟ್ಟ ಉತ್ತರವನ್ನೇ ದೇವರಿಗೂ ಕೊಟ್ಟಿದ್ದೇನೆ.

ಇವತ್ತು ಶನಿವಾರ. ಪ್ರಾರ್ಥನಾಲಯದ ಕಸ ಗುಡಿಸಲು ಬರುವ ಮಾತಿ ತನ್ನ ಮಗ ಬೊಮ್ಮನ್‌ನನ್ನೂ ಕರೆತಂದಿದ್ದಳು. ಅವನು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.

"ಗತ್ತು ನೋಡಿ ಟೀಚರೇ, ಜನ್ಮಿ ಕೂತಂಗೆ ಕೂತವ್ನೆ!" ಎಂದಳು ಮಾತಿ.

"ಜನ್ಮಿ ಬೇಕಾದಾಗ ಕಾಲು ಮಡಚ್ತಾನೆ, ಅಮ್ಮೇ," ಎಂದು ಬೊಮ್ಮನ್ ನಕ್ಕ.

"ಹಟಮಾರಿ! ಅವತ್ತು ಎಲ್ಲಿದ್ದೆ ಅಂತ ಅಷ್ಟು ಹೊಡೆದು ಕೇಳಿದ್ರೂ ಪೊಲೀಸ್ರಿಗೆ ಹೇಳ್ಲಿಲ್ಲ. ಹೆತ್ತ ನಂಗೂ ಹೇಳಲ್ಲ. ಊರವರು ಇವನೂ ಆ ಗುಂಪಲ್ಲಿದ್ದ ಅಂತಾರೆ. ಕೂಲಿಗೆ ಯಾರೂ ಕರೆಯಲ್ಲ."

"ಬಿಡು ಅಮ್ಮೇ. ಮುಗೀತಲ್ಲ." ಅವನು ನನ್ನ ಕಡೆ ನೋಡಲಿಲ್ಲ. ನನ್ನ ಹೆಸರು ಕೆಡಬಾರದೆಂದು ಅಷ್ಟು ಪೆಟ್ಟು ತಿಂದವನು, ಈಗಲೂ ನನ್ನ ಕಡೆ ಬೆರಳು ತೋರಿಸಲಿಲ್ಲ.

ಒಳಗೆ ಅಪ್ಪ ಪುಸ್ತಕ ತೆರೆದಿದ್ದರು. "ಬಾ ಮಗಳೇ, ನಿನ್ನ ಹೆಸರೊಂದೇ ಬಾಕಿ." ಪ್ರಶ್ನೆಯನ್ನೂ ಕೇಳದೆ ಪೆನ್ನು ಎತ್ತಿದರು. ಹೇಳಿದಂತೆ ಕೇಳುವ ಮಗಳಲ್ಲವೇ ನಾನು?

"ಬರೀಬೇಡಿ ಅಪ್ಪ."

ಮನೆಗೆ ಓಡಿ ಸ್ಲೇಟು ತಂದೆ. ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಸ್ಲೇಟನ್ನು ಮಾತಿಯ ಕೈಗಿಟ್ಟೆ. ಬೊಮ್ಮನ್ "ಬೇಡ ಟೀಚರೇ" ಎಂದ.

"ನಂಗೆಲ್ಲಿ ಓದಕ್ಕೆ ಬರುತ್ತೆ?" ಮಾತಿ ಅದನ್ನು ತಿರುಗಿಸಿ ನೋಡಿದಳು. "ಏನಿದು?"

ಅಪ್ಪನಿಗೂ ಕೇಳುವಂತೆ ಹೇಳಿದೆ.

"ನಿಮ್ಮ ಮಗನ ಹೆಸರು, ಮಾತಿಯಮ್ಮ. ಆ ಸಂಜೆ ಕತ್ತಲಾಗೋವರೆಗೂ ನಮ್ಮ ಜಗಲಿಯಲ್ಲಿ ಕೂತು ಬರೆದದ್ದು. ನಾನು ಪಕ್ಕದಲ್ಲೇ ಇದ್ದೆ. ಇದ್ದೂ, ಕಾಣಲಿಲ್ಲ ಅಂತ ಪೊಲೀಸರಿಗೆ ಸುಳ್ಳು ಹೇಳಿದೆ."