ಎರಡನೇ ಜಾಗ ಯಾರದು

ಪ್ರಮೀಳಾ ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ತೊಂಬತ್ತಾರರ ನವೆಂಬರಿನಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆ ಅವರ ಶಾಲೆಯಲ್ಲೇ ನಡೆದಾಗ ಪ್ರಶ್ನೆ ಕೇಳುವ ಕೆಲಸ ಅವಳ ಪಾಲಿಗೆ ಬಂತು. ಕೊನೆಗೆ ಇಬ್ಬರು ಹುಡುಗಿಯರು ಸಮಸಮ ನಿಂತರು. ಒಬ್ಬಳು ಅವಳದೇ ತರಗತಿಯ ಪ್ರಿಯಾಂಕ. ಇನ್ನೊಬ್ಬಳು ಬೂಕನಕೆರೆಯಿಂದ ಬಂದಿದ್ದ ಸುನಿತಾ. ಬಿಗಿಯಾಗಿ ಜಡೆ ಹೆಣೆದು, ಪ್ರತಿ ಉತ್ತರಕ್ಕೂ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹುಡುಗಿ. ಗೆದ್ದವಳು ಮುಂದಿನ ವಾರ ಮಂಡ್ಯಕ್ಕೆ, ಜಿಲ್ಲಾ ಸ್ಪರ್ಧೆಗೆ ಹೋಗಬೇಕು.

ಪ್ರಮೀಳಾ ಕೊನೆಯ ಪ್ರಶ್ನೆ ಓದಿದಳು. "ಈ ವರ್ಷದ ಅಟ್ಲಾಂಟಾ ಒಲಿಂಪಿಕ್ಸಿನ ಪದಕ ಪಟ್ಟಿಯಲ್ಲಿ ಎರಡನೇ ಸ್ಥಾನ ಯಾವ ದೇಶದ್ದು?"

ಸುನಿತಾಳ ಕೈ ಮೊದಲು ಮೇಲೆದ್ದಿತು. "ಜರ್ಮನಿ, ಮಿಸ್."

"ತಪ್ಪು."

ಪ್ರಿಯಾಂಕ "ರಷ್ಯಾ" ಎಂದಳು. ಶಾಲೆಯ ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲೇ ಸುನಿತಾ ಎದ್ದು ನಿಂತು, "ಇಲ್ಲ ಮಿಸ್, ಜರ್ಮನೀದು ಅರವತ್ತೈದು. ರಷ್ಯಾದು ಅರವತ್ಮೂರೇಯ" ಎಂದಳು.

"ಆಯ್ತು, ಕೂತ್ಕೋಮ್ಮ," ಎಂದುಬಿಟ್ಟಳು ಪ್ರಮೀಳಾ.

ಆ ಸಂಜೆ ಒಲೆಯ ಮುಂದೆ ಮುದ್ದೆ ತಿರುವುವಾಗ ಆ ಎರಡು ಅಂಕಿಗಳು ಅವಳ ತಲೆಯಿಂದ ಕದಲಲಿಲ್ಲ. ಸುಮ್ಮನೆ ಊಹಿಸಿ ಹೇಳುವ ಮಕ್ಕಳು ಐವತ್ತು, ನೂರು ಅಂತಾರೆ; ಅರವತ್ಮೂರು ಅನ್ನೋದಿಲ್ಲ. ಕೈ ತೊಳೆದುಕೊಂಡು ತನ್ನ ನೋಟ್‌ಬುಕ್ ತೆಗೆದಳು. ಹದಿನಾರು ವರ್ಷದ ಮೇಲೆ ನಮಗೂ ಒಂದು ಪದಕ ಬಂತೆಂಬ ಖುಷಿಗೆ ಆಗಸ್ಟಿನಲ್ಲಿ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ ಪಟ್ಟಿ ಅದರಲ್ಲಿತ್ತು. ಚಿನ್ನ, ಬೆಳ್ಳಿ, ಕಂಚು ಎಂದು ಮೂರೇ ಕಾಲಂ. ಒಟ್ಟು ಎಷ್ಟು ಎಂಬ ಕಾಲಂ ಇರಲಿಲ್ಲ. ರಷ್ಯಾಕ್ಕೆ ಇಪ್ಪತ್ತಾರು, ಇಪ್ಪತ್ತೊಂದು, ಹದಿನಾರು. ಕೂಡಿದಳು, ಅರವತ್ಮೂರು. ಜರ್ಮನಿಗೆ ಇಪ್ಪತ್ತು, ಹದಿನೆಂಟು, ಇಪ್ಪತ್ತೇಳು. ಇನ್ನೊಮ್ಮೆ ಕೂಡಿದಳು. ಅರವತ್ತೈದೇ.

"ರೀ, ಇದ್ನ ನೋಡಿ," ಎಂದು ಗಂಡನ ಮುಂದೆ ಹಿಡಿದಳು.

ಲೋಕೇಶ ನೋಡಿ ನಕ್ಕ. "ಚಿನ್ನ ಯಾರ್ಗೆ ಜಾಸ್ತಿ ಬಂದೈತೋ ಅವ್ರೇ ಮುಂದೆ ಕಣೆ. ನೀನು ಸರಿಯಾಗೇ ಹೇಳಿದೀಯ. ಮುದ್ದೆ ಸೀದೋಗ್ತೈತೆ, ನೋಡು."

ಮುದ್ದೆ ಆಗಲೇ ತಳ ಹಿಡಿದಿತ್ತು.

ಮರುದಿನ ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಸಿದಳು. ಎರಡು ಕನ್ನಡ ಪತ್ರಿಕೆಗಳಲ್ಲಿ ರಷ್ಯಾ ಎರಡನೆಯದು. ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಮಾತ್ರ ಒಟ್ಟು ಪದಕದ ಲೆಕ್ಕ ಹಿಡಿದು ಜರ್ಮನಿಯನ್ನು ಮೇಲಿಟ್ಟಿದ್ದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಒಲಿಂಪಿಕ್ ಸಮಿತಿ ದೇಶಗಳಿಗೆ ಅಧಿಕೃತವಾಗಿ ಸ್ಥಾನ ಕೊಡುವುದಿಲ್ಲ ಎಂದು ಅಚ್ಚಾಗಿತ್ತು. ಪ್ರಮೀಳಾ ಆ ಸಾಲನ್ನು ಎರಡು ಸಲ ಓದಿದಳು. ಹಾಗಾದರೆ ತಾನು ಕೇಳಿದ ಪ್ರಶ್ನೆಗೆ ಒಂದೇ ಉತ್ತರ ಇರಲೇ ಇಲ್ಲ. ಗೆದ್ದವಳು ತನ್ನ ಶಾಲೆಯ ಹುಡುಗಿ ಬೇರೆ.

ಹೆಡ್‌ಮಿಸ್ಟ್ರೆಸ್ ಯಶೋದಮ್ಮನವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ಪ್ರಮೀಳಾ, ಯಾರಾದ್ರೂ ಬಂದು ಜಗಳ ಮಾಡಿದಾರಾ?"

"ಇಲ್ಲ ಮೇಡಂ."

"ಮತ್ತೆ ನೀನ್ಯಾಕೆ ಮೈಮೇಲೆ ಎಳ್ಕೊತೀಯ? ಸುಮ್ನಿರು."

ಸುಮ್ಮನಿರಲು ಅವಳು ನೋಡಿದಳು. ಶನಿವಾರ ಪಾಠದ ನಡುವೆ ನಾಲ್ಕು ಸಲ ಕಿಟಕಿಯ ಹತ್ತಿರ ಹೋಗಿ ಬಂದಳು. ಬೋರ್ಡಿನ ಮೇಲೆ ಇಸವಿ ತಪ್ಪು ಬರೆದು ಮಕ್ಕಳಿಂದ ತಿದ್ದಿಸಿಕೊಂಡಳು. ಪ್ರಿಯಾಂಕ ಮಂಡ್ಯಕ್ಕೆಂದು ಹೊಸ ರಿಬ್ಬನ್ ತಂದಿದ್ದಳು. ಅದನ್ನು ನೋಡಲಾಗದೆ ಮುಖ ತಿರುಗಿಸಿದಳು. ಭಾನುವಾರ ಬೆಳಿಗ್ಗೆ ತಿಂಡಿ ಮಾಡಿಟ್ಟು, ಗಂಡನಿಗೂ ಸರಿಯಾಗಿ ಹೇಳದೆ ಬೂಕನಕೆರೆಯ ಬಸ್ಸು ಹತ್ತಿದಳು.

ಸುನಿತಾಳ ತಾಯಿ ಬೈರಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಸ್ಪರ್ಧೆ ನಡೆದ ಸ್ಕೂಲಿನ ಮೇಡಂ ಮನೆಗೇ ಬಂದರೆಂದು ಗಾಬರಿಯಾಗಿ, ಸೆರಗಿಗೆ ಕೈ ಒರೆಸಿಕೊಂಡು ಜಗಲಿ ಮೇಲೆ ಚಾಪೆ ಹಾಸಿದಳು.

"ಏನ್ ಮಾಡಿದ್ಲು ಮೇಡಮ್ಮೋರೆ ಇವ್ಳು?"

"ಅವಳೇನೂ ಮಾಡ್ಲಿಲ್ಲ. ತಪ್ಪು ಮಾಡಿದ್ದು ನಾನು," ಎಂದಳು ಪ್ರಮೀಳಾ. ಆಮೇಲೆ ಬಾಗಿಲ ಹಿಂದೆ ನಿಂತಿದ್ದ ಸುನಿತಾಳನ್ನು ಕರೆದು ಕೇಳಿದಳು. "ಜರ್ಮನಿ ಅಂತ ನಿಂಗೆ ಎಲ್ಲಿ ಸಿಕ್ತು?"

ಹುಡುಗಿ ಒಳಗೆ ಹೋಗಿ ಒಂದು ಪೇಪರ್ ಚೂರು ತಂದಳು. ಅಂಗಡಿಯಲ್ಲಿ ಸಕ್ಕರೆ ಕಟ್ಟಿಕೊಟ್ಟಿದ್ದ ಪೇಪರು. ಅದರಲ್ಲಿದ್ದ ಪದಕ ಪಟ್ಟಿಯಲ್ಲೂ ಜರ್ಮನಿಗಿಂತ ರಷ್ಯಾವೇ ಮೇಲಿತ್ತು. ಪಕ್ಕದಲ್ಲಿ ಪೆನ್ಸಿಲಿನಿಂದ ಪ್ರತಿ ದೇಶದ ಮೊತ್ತ ಬರೆದು, ಜರ್ಮನಿಗೆ ಎರಡು, ರಷ್ಯಾಕ್ಕೆ ಮೂರು ಎಂದು ಅವಳೇ ತಿದ್ದಿದ್ದಳು.

"ಪೇಪರ್ನೋರು ತಪ್ಪಾಗಿ ಆಕವ್ರೆ ಅನ್ಕೊಂಡೆ, ಮಿಸ್. ಅಷ್ಟೊಂದು ಜನ ಓಡಿ, ಆರಿ ಕಂಚು ತಂದವ್ರಲ್ಲ, ಅವ್ರುನ್ನ ಲೆಕ್ಕಕ್ಕೇ ತಗೊಳ್ಳದಿದ್ರೆ ಎಂಗೆ?"

ಬೈರಮ್ಮನಿಗೆ ಮಗಳ ವಾದ ಹಿಡಿಸಲಿಲ್ಲ. "ಲೇ, ಆಲಿನ ಡೈರೀಲಿ ಬರೀ ಕ್ಯಾನ್ ತುಂಬ್ತು ಅಂತ ಒಳ್ಳೆ ರೇಟು ಕೊಟ್ಟಾರಾ? ಫ್ಯಾಟ್ ನೋಡಾಕಿಲ್ವಾ? ಚಿನ್ನ ಅಂದ್ರೆ ಚಿನ್ನಾನೇ ಕಣೆ."

"ಫ್ಯಾಟ್ ಕಮ್ಮಿ ಅಂತ ಆಲ್ನ ಚೆಲ್ಬುಡ್ತಾರಾ ಅವ್ವ?"

ತಾಯಿ ಮಗಳು ತಿರುಗಿ ತಿರುಗಿ ವಾದಿಸಿದರು. ಪ್ರಮೀಳಾಳಿಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು. ಕೊನೆಗೆ ಅವಳು, "ಇಬ್ರದೂ ಒಂದೊಂದು ಲೆಕ್ಕ ಸುನಿತಾ, ಎರಡೂ ಇವೆ. ನಾನು ಚಿನ್ನದ ಲೆಕ್ಕ ಅಂತ ಮೊದಲೇ ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ನಿನ್ನ ಮಾತೂ ಕೇಳ್ಲಿಲ್ಲ. ಈಗ ನಾನೇನು ಮಾಡ್ಲಿ ಹೇಳು," ಎಂದಳು.

ಸುನಿತಾ ಕಣ್ಣು ಮುಚ್ಚಿ ತೆರೆದಳು. "ಬೇರೆ ಪ್ರಶ್ನೆ ಕೇಳಿ ಮಿಸ್. ಅಷ್ಟೇ ಸಾಕು."

ಸೋಮವಾರ ಪ್ರಮೀಳಾ ತನ್ನ ತಪ್ಪನ್ನು ಒಪ್ಪಿಕೊಂಡು ಶಿಕ್ಷಣ ಕಚೇರಿಗೆ ಅರ್ಜಿ ಬರೆದುಕೊಟ್ಟಳು. ಯಶೋದಮ್ಮನವರು ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ. ಪ್ರಿಯಾಂಕ ಊಟದ ಡಬ್ಬಿ ಬಿಚ್ಚದೆ ಅತ್ತಳು. ಸ್ಟಾಫ್ ರೂಮಿನಲ್ಲಿ ಯಾರೋ "ಸ್ವಂತ ಶಾಲೇಗೇ ಕಲ್ಲು ಹಾಕ್ತಾರಪ್ಪ" ಅಂದದ್ದು ಕಿವಿಗೆ ಬಿತ್ತು. ಕಚೇರಿಯವರು ಮಾತ್ರ, ಹೊರಗಿನವರಿಂದ ಬೇರೆ ಪ್ರಶ್ನೆ ಕೇಳಿಸಿ ಎಂದು ಒಪ್ಪಿದರು.

ಬುಧವಾರ ನಿವೃತ್ತ ಮೇಷ್ಟ್ರು ತಮ್ಮಯ್ಯನವರು ಬಂದು ಕೂತರು. ಪ್ರಮೀಳಾ ಹಿಂದಿನ ಬೆಂಚಿನಲ್ಲಿ ಕೂರಲಾರದೆ ಬಾಗಿಲಲ್ಲಿ ನಿಂತಿದ್ದಳು. ಸುನಿತಾ ಗೆಲ್ಲಲಿ ಅನ್ನಿಸುತ್ತಿತ್ತು. ಪ್ರಿಯಾಂಕಳ ಊದಿದ ಕಣ್ಣು ನೋಡಿದರೆ ಅವಳೇ ಗೆಲ್ಲಲಿ ಅನ್ನಿಸುತ್ತಿತ್ತು.

"ಅಂತರರಾಷ್ಟ್ರೀಯ ನ್ಯಾಯಾಲಯ ಯಾವ ಊರಲ್ಲಿದೆ?" ಎಂದರು ತಮ್ಮಯ್ಯ.

ಇಬ್ಬರೂ ಚೀಟಿಯಲ್ಲಿ ಬರೆದುಕೊಟ್ಟರು. ಪ್ರಿಯಾಂಕ 'ಹೇಗ್' ಎಂದು ಬರೆದಿದ್ದಳು. ಸುನಿತಾಳ ಚೀಟಿಯಲ್ಲಿ 'ಜಿನೀವಾ' ಇತ್ತು. 'ಹೇಗ್' ಸರಿ ಎಂದರು ತಮ್ಮಯ್ಯ.

ಯಶೋದಮ್ಮನವರು ಪ್ರಮೀಳಾಳ ಹತ್ತಿರ ಬಂದು, "ಏನ್ ಸಿಕ್ಕಂಗಾಯ್ತಮ್ಮ ಈಗ?" ಎಂದು ಮೆಲ್ಲಗೆ ಕೇಳಿ ಹೋದರು. ಸುನಿತಾ ಚೀಲ ಹೆಗಲಿಗೇರಿಸಿಕೊಂಡು ಗೇಟಿನ ಕಡೆ ಹೊರಟಿದ್ದಳು. ಪ್ರಮೀಳಾ ಬಿರಬಿರನೆ ಹಿಂದೆ ಹೋದಳು.

"ಬೇಜಾರಾಯ್ತೇನೆ?"

"ಊಂ ಮಿಸ್, ಆಯ್ತು." ಹುಡುಗಿ ನಿಜ ಹೇಳಿದಳು. ನಾಲ್ಕು ಹೆಜ್ಜೆ ನಡೆದು ತಿರುಗಿದಳು. "ಆದ್ರೆ ಅವತ್ತಿನಂಗಲ್ಲ. ಅವತ್ತು ನಂಗೊತ್ತಿತ್ತು, ಆದ್ರೂ ಸೋತೆ. ಇವತ್ತು ನಂಗೇ ಗೊತ್ತಿರ್ನಿಲ್ಲ. ಆ ಊರು ಯಾವ ದೇಶದಲ್ಲೈತೆ ಮಿಸ್?"

"ನೆದರ್ಲೆಂಡ್ಸ್. ಬಾ, ಭೂಪಟದಲ್ಲಿ ತೋರಿಸ್ತೀನಿ."

"ಬಸ್ಸು ಓಗ್ಬುಡುತ್ತೆ ಮಿಸ್."

"ಇನ್ನೊಂದಿದೆ, ಬಾ. ನಾನೇ ಹತ್ತಿಸ್ತೀನಿ."

ಅಷ್ಟರಲ್ಲಿ ಪಾಠದ ಗಂಟೆ ಹೊಡೆಯಿತು. ಪ್ರಮೀಳಾ ಸುನಿತಾಳನ್ನು ಕರೆದುಕೊಂಡೇ ಭೂಪಟ ನೇತುಹಾಕಿದ್ದ ತನ್ನ ತರಗತಿಗೆ ಹೋದಳು. ಪ್ರಿಯಾಂಕ ಮುಂದಿನ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ಜಾಗ ಮಾಡಿಕೊಟ್ಟಳು.